"ಘಮ್ಮೆನ್ನುವವರೆಗೆ ಹುರಿಯಿರಿ" ಅಂದರೆ ಎಷ್ಟು ಹೊತ್ತು?

ಪಿಜಿ ಬಿಟ್ಟು ಬೆಂಗಳೂರಲ್ಲಿ ಒಬ್ಬರೇ ಮನೆ ಮಾಡಿದ್ದೀರಿ, ಅಡುಗೆ ಬರುವುದಿಲ್ಲ. ರೆಸಿಪಿ ನೋಡಿದರೆ "ಘಮ್ಮೆನ್ನುವವರೆಗೆ ಹುರಿಯಿರಿ", "ಈರುಳ್ಳಿ ಬಾಡಿಸಿ", "ಹದ ನೋಡಿ ಇಳಿಸಿ" ಅಂತೆಲ್ಲ ಇರುತ್ತದೆ, ಎಷ್ಟು ನಿಮಿಷ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಎಲ್ಲಿಂದ ಶುರು ಮಾಡಲಿ, ಏನೇನು ಪಾತ್ರೆ ಕೊಳ್ಳಲಿ ಅಂತ ಕೇಳಿದ್ದೀರಿ.

ನಿಮಿಷ ಹೇಳದೆ ಇರುವುದಕ್ಕೆ ಕಾರಣ ಇದೆ. ನಿಮ್ಮ ಒಲೆಯ ಉರಿ ಬೇರೆ, ನನ್ನದು ಬೇರೆ. ದಪ್ಪ ತಳದ ಬಾಣಲೆ ನಿಧಾನಕ್ಕೆ ಕಾಯುತ್ತದೆ, ತೆಳ್ಳಗಿನದು ನೋಡನೋಡುತ್ತಲೇ ಸೀಯಿಸಿಬಿಡುತ್ತದೆ. ಹಾಗಾಗಿ ಕಣ್ಣು, ಕಿವಿ, ಮೂಗು ನಂಬಿ. ಪದಗಳ ಪಟ್ಟಿ ಬರೆದು ಬಾಯಿಪಾಠ ಮಾಡೋದೂ ಬೇಡ. ಉಪ್ಪಿಟ್ಟು ಮತ್ತು ಬೇಳೆ ಸಾರು, ಈ ಎರಡನ್ನೇ ಹಿಡಿದುಕೊಂಡು ಮತ್ತೆ ಮತ್ತೆ ಮಾಡಿ. ನೀವು ಕೇಳಿದ ಮುಕ್ಕಾಲು ಪಾಲು ಪದಗಳು ಇವೆರಡರಲ್ಲೇ ಬಂದುಹೋಗುತ್ತವೆ.

ಎರಡಕ್ಕೂ ಬೇಕಾದದ್ದು ಒಗ್ಗರಣೆ. ಜನ ಇದನ್ನು ಸುಲಭ ಅಂತಾರೆ, ಆದರೆ ಹೊಸಬರ ಅಡುಗೆ ಕೆಡೋದು ಜಾಸ್ತಿ ಇಲ್ಲೇ. ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಮಧ್ಯಮ ಉರಿ ಇಡಿ. ಎಣ್ಣೆ ಕಾದಿದೆಯಾ ಅಂತ ನೋಡೋಕೆ ಒಂದೆರಡು ಸಾಸಿವೆ ಕಾಳು ಹಾಕಿ. ಸುಮ್ನೆ ತಳದಲ್ಲಿ ಕೂತರೆ ಕಾದಿಲ್ಲ. ಚಟ್ ಅಂತ ಸಿಡಿದರೆ ಉಳಿದ ಸಾಸಿವೆ ಹಾಕಿ. ಕಾಳಿನೊಳಗಿನ ತೇವ ಹಬೆಯಾಗಿ ಸಿಪ್ಪೆ ಒಡೆದುಕೊಂಡು ಬರುತ್ತದಲ್ಲ, ಅದೇ ಆ ಚಟಪಟ. ಸಿಡಿಯದ ಸಾಸಿವೆ ಬಾಯಿಗೆ ಸಿಕ್ಕರೆ ಕಹಿ. ಸದ್ದು ಕಡಿಮೆಯಾಗುತ್ತಾ ಬಂದಾಗ ಕಡಲೆಬೇಳೆ, ಅದರ ಹಿಂದೆಯೇ ಉದ್ದಿನಬೇಳೆ. ಕಡಲೆಬೇಳೆ ಗಟ್ಟಿ, ಕೆಂಪಗಾಗೋಕೆ ಹೊತ್ತು ಬೇಕು, ಅದಕ್ಕೇ ಮೊದಲು. ಬೇಳೆ ಹೊಂಬಣ್ಣಕ್ಕೆ ತಿರುಗಿತು ಅಂದ ಕೂಡಲೇ ಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಕರಿಬೇವನ್ನು ತೊಳೆದು ಒರೆಸಿಕೊಂಡಿರಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೇ ಹಾರುತ್ತದೆ. ಒಂದು ತಟ್ಟೆ ಕೈಯಲ್ಲಿರಲಿ, ಮುಚ್ಚೋಕೆ. ಮತ್ತೆ ಇದೆಲ್ಲ ಸರಸರ ನಡೆಯುವ ಕೆಲಸ, ಸಾಸಿವೆ ಸಿಡಿಯುವಾಗ ಇಂಗಿನ ಡಬ್ಬಿ ಹುಡುಕುತ್ತಾ ನಿಂತರೆ ಕಥೆ ಮುಗಿಯಿತು. ಎಲ್ಲವನ್ನೂ ಮೊದಲೇ ಒಲೆ ಪಕ್ಕ ಜೋಡಿಸಿಟ್ಟುಕೊಂಡು ಆಮೇಲೆ ಉರಿ ಹಚ್ಚಿ.

ಉಪ್ಪಿಟ್ಟಿಗೆ ಬರೋಣ. ಅಂಗಡಿಯಲ್ಲಿ ಉಪ್ಪಿಟ್ಟಿನ ರವೆ ಅಂತಲೇ ಕೇಳಿ, ಚಿರೋಟಿ ರವೆ ಬೇಡ. ಇದನ್ನು ಎಣ್ಣೆ ಇಲ್ಲದೆಯೇ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯಿರಿ. ಮೊದಲು ರವೆ ಭಾರ ಅನ್ನಿಸುತ್ತದೆ, ಸೌಟಿಗೆ ಮೆತ್ತಿಕೊಂಡ ಹಾಗೆ. ಸ್ವಲ್ಪ ಹೊತ್ತಿಗೆ ಹಗುರಾಗಿ ಮರಳಿನ ಹಾಗೆ ಸರಿದಾಡುತ್ತದೆ, ಒಲೆಯಿಂದ ಒಂದು ಹೆಜ್ಜೆ ಹಿಂದೆ ನಿಂತರೂ ಮೂಗಿಗೆ ಪರಿಮಳ ಬರುತ್ತದೆ. ನಿಮ್ಮ "ಘಮ್ಮೆನ್ನುವವರೆಗೆ" ಅದೇ. ಬಣ್ಣ ಬದಲಾಗಲಿ ಅಂತ ಕಾಯಬೇಡಿ, ಅಷ್ಟೊತ್ತಿಗೆ ತಡವಾಗಿರುತ್ತದೆ. ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ, ಯಾಕೆಂದರೆ ಒಲೆ ಆರಿಸಿದರೂ ಬಾಣಲೆಯ ಕಾವಿಗೆ ಅದು ಹುರಿಯುತ್ತಲೇ ಇರುತ್ತದೆ.

ಆಮೇಲೆ ಅದೇ ಬಾಣಲೆಯಲ್ಲಿ ಒಗ್ಗರಣೆ, ಅದಕ್ಕೆ ಈರುಳ್ಳಿ. ಇಲ್ಲಿ ಬರುವುದು ಬಾಡಿಸುವ ಕೆಲಸ. ಹುರಿಯುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಬಾಡಿಸುವಾಗ ತರಕಾರಿ ಮೆತ್ತಗಾಗಬೇಕು, ಹಸಿ ವಾಸನೆ ಹೋಗಬೇಕು, ಈರುಳ್ಳಿ ಗಾಜಿನಂತೆ ಆಗಬೇಕು, ಅಷ್ಟೇ. ಕೆಂಪಾಗುವುದು ಬೇಡ. ಒಂದು ಚಿಟಿಕೆ ಉಪ್ಪು ಹಾಕಿದರೆ ನೀರು ಬಿಟ್ಟುಕೊಂಡು ಬೇಗ ಬಾಡುತ್ತದೆ. ಬಿರಿಯಾನಿಗೆ ಅಂತ ಈರುಳ್ಳಿ ಕೆಂಪಗೆ ಹುರಿಯೋದು ಬೇರೆ ಕೆಲಸ, ಅದಕ್ಕೆ ಎಣ್ಣೆಯೂ ಜಾಸ್ತಿ, ತಾಳ್ಮೆಯೂ ಜಾಸ್ತಿ. ಇನ್ನು ಕರಿಯುವುದು ಅಂದರೆ ಪದಾರ್ಥ ಎಣ್ಣೆಯಲ್ಲಿ ಮುಳುಗಬೇಕು. ಸದ್ಯಕ್ಕೆ ಅದರ ಗೋಜಿಗೆ ಹೋಗಬೇಡಿ.

ಒಂದು ಲೋಟ ರವೆಗೆ ಎರಡೂವರೆಯಿಂದ ಮೂರು ಲೋಟ ನೀರು. ಉದುರುದುರಾಗಿ ಬೇಕಾದರೆ ಕಡಿಮೆ, ಮೆತ್ತಗೆ ಬೇಕಾದರೆ ಜಾಸ್ತಿ. ರವೆ ಹಾಕುವ ಮೊದಲೇ ನೀರಿಗೆ ಉಪ್ಪು ಹಾಕಿ, ಚಮಚದಲ್ಲಿ ತೆಗೆದು ಆರಿಸಿ ರುಚಿ ನೋಡಿ. ಬಾಯಿಗೆ ತುಸು ಉಪ್ಪುಪ್ಪು ಅನ್ನಿಸಬೇಕು, ರವೆ ಬಿದ್ದ ಮೇಲೆ ಅದು ಸರಿಹೋಗುತ್ತದೆ. "ರುಚಿಗೆ ತಕ್ಕಷ್ಟು ಉಪ್ಪು" ಅನ್ನೋ ಮಾತು ಓದಿ ನಿಮಗೆ ಸಿಟ್ಟು ಬಂದಿರಬಹುದು, ನನಗೂ ಬರುತ್ತದೆ. ಕಲ್ಲುಪ್ಪಿನ ಒಂದು ಚಮಚವೂ ಪುಡಿ ಉಪ್ಪಿನ ಒಂದು ಚಮಚವೂ ಒಂದೇ ಅಲ್ಲ, ಪುಡಿ ಉಪ್ಪು ಒತ್ತಾಗಿ ತುಂಬುವುದರಿಂದ ಜಾಸ್ತಿಯಾಗುತ್ತದೆ. ಅದಕ್ಕೇ ಒಂದೇ ಉಪ್ಪು, ಒಂದೇ ಚಮಚ ಇಟ್ಟುಕೊಳ್ಳಿ.

ನೀರು ಕುದಿಯಬೇಕು ಅಂದರೆ ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಸಾಲದು, ನಡುವೆಯೂ ಕೊತಕೊತ ಅನ್ನಬೇಕು. ಆಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ. ಒಮ್ಮೆಗೇ ಸುರಿದರೆ ಹೊರಗಿನ ರವೆ ತಕ್ಷಣ ಬೆಂದು ಅಂಟಾಗುತ್ತದೆ, ಒಳಗೆ ನೀರು ಹೋಗುವುದೇ ಇಲ್ಲ, ಹಾಗೇ ಗಂಟಾಗುತ್ತದೆ. ಹಾಕಿಯಾದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಡಿ. ಹಬೆಯಲ್ಲಿ ಅರಳುತ್ತದೆ.

ಸಾರಿಗೆ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಿ. ಒಂದು ಲೋಟಕ್ಕೆ ಮೂರು ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ನೊರೆ ಉಕ್ಕುವುದನ್ನು ತಡೆಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು 120 ಡಿಗ್ರಿವರೆಗೆ ಹೋಗುತ್ತದೆ. ಪಾತ್ರೆಯಲ್ಲಿ ಬೇಯಿಸಿದರೆ ಗಂಟೆ ಹೊತ್ತು ಹಿಡಿಯುವ ಬೇಳೆ ಇಲ್ಲಿ ಮೂರು ನಾಲ್ಕು ಸೀಟಿಗೆ ಬೇಯುವುದು ಅದಕ್ಕೇ. ಸೀಟಿಯ ಲೆಕ್ಕವೂ ಕುಕ್ಕರಿನಿಂದ ಕುಕ್ಕರಿಗೆ ಬದಲಾಗುತ್ತದೆ ಬಿಡಿ. ಬೆಂದಿದೆಯಾ ಅಂತ ನೋಡೋಕೆ ಒಂದು ಬೇಳೆಯನ್ನು ಎರಡು ಬೆರಳಲ್ಲಿ ಹಿಸುಕಿ, ನಡುವೆ ಗಟ್ಟಿ ಚುಕ್ಕೆ ಉಳಿಯಬಾರದು. ಪ್ರೆಷರ್ ತಾನಾಗಿ ಇಳಿಯುವ ಮೊದಲು ಮುಚ್ಚಳ ಎಳೆಯಬೇಡಿ, ಇದರಲ್ಲಿ ಮಾತ್ರ ರಾಜಿ ಇಲ್ಲ.

ಹುಣಸೆಹಣ್ಣನ್ನು ಬೇಳೆ ಜೊತೆಗೇ ಹಾಕಬಾರದು. ಹುಳಿ ಬಿದ್ದರೆ ಬೇಳೆ ಬೇಯಲು ಒದ್ದಾಡುತ್ತದೆ. ಒಬ್ಬರ ಸಾರಿಗೆ ಗೋಲಿ ಗಾತ್ರದ ಹುಣಸೆ ಸಾಕು. ಬಿಸಿನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ಆ ರಸಕ್ಕೆ ಟೊಮೇಟೊ, ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ. ಮೊದಲು ಹುಳಿ ಮತ್ತು ಪುಡಿಯ ಹಸಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಹೋಗಿ ಸಾರಿನ ವಾಸನೆ ಬಂದಾಗ ಮಸೆದ ಬೇಳೆ, ಬೇಕಾದಷ್ಟು ನೀರು. ಮೇಲೆ ನೊರೆ ಕಟ್ಟಿ ಒಂದು ಕುದಿ ಬಂದರೆ ಸಾಕು, ಇಳಿಸಿ ಒಗ್ಗರಣೆ ಹಾಕಿ. ಒಗ್ಗರಣೆ ಬಿದ್ದ ಮೇಲೆ ಮತ್ತೆ ಕುದಿಸಿದರೆ ಇಂಗಿನ ಘಮ ಹಾರಿಹೋಗುತ್ತದೆ.

ಇವೆರಡು ಕೈಗೆ ಹತ್ತಿದ ಮೇಲೆ ಪಲ್ಯ, ಚಿತ್ರಾನ್ನ ತಾನಾಗಿ ಬರುತ್ತವೆ. ನಮ್ಮ ಹಾಸನದ ಕಡೆಯ ಬಸ್ಸಾರನ್ನೂ ಮಾಡಿ ನೋಡಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದುಕೊಂಡರೆ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದೇ ಸಲ ಎರಡು ಕೆಲಸ. ಮಸಾಲೆ ರುಬ್ಬುವಾಗ "ತರಿತರಿಯಾಗಿ" ಅಂದರೆ ಬೆರಳಿಗೆ ಕಾಳು ಸಿಗಬೇಕು, "ನುಣ್ಣಗೆ" ಅಂದರೆ ಸಿಗಬಾರದು.

ಪಾತ್ರೆ ವಿಷಯ: ಮೂರು ಲೀಟರ್ ಕುಕ್ಕರ್, ದಪ್ಪ ತಳದ ಒಂದು ಬಾಣಲೆ, ಒಗ್ಗರಣೆ ಸೌಟು, ಒಂದು ಒಳ್ಳೆ ಚಾಕು. ಮಿಕ್ಸಿಗೆ ಈಗಲೇ ದುಡ್ಡು ಹಾಕಬೇಡಿ. ಸಾರಿನ ಪುಡಿಯನ್ನು ಊರಿಂದ ತರಿಸಿಕೊಳ್ಳಿ, ಕಾಯಿ ತುರಿಯೋಕೆ ತುರಿಮಣೆ ಸಾಕು.