ನೀಲಿ ದೈತ್ಯರು ಕೆಟ್ಟವರಲ್ಲ ಎಂಬುದೇ ತೊಂದರೆ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಹೊಗಳಿದ್ದ, ನೀಲಿ ದೈತ್ಯರು ಮನುಷ್ಯರನ್ನು ಸಾಕುಪ್ರಾಣಿಗಳಂತೆ ಇಟ್ಟುಕೊಳ್ಳುವ ಲೋಕವೊಂದರ ಕಥೆ ಹೇಳುವ ‘ಲಾ ಪ್ಲಾನೆಟ್ ಸೋವಾಜ್’ ಎಂಬ ಫ್ರೆಂಚ್ ಭಾಷೆಯ ಅನಿಮೇಷನ್ ಚಿತ್ರವನ್ನು ನೋಡಿ, ಸಿಟ್ಟಿನಲ್ಲಿ ಎರಡು ಪುಟ ಬರೆದಿದ್ದೀರಿ. ಸಿಟ್ಟು ಬಂದದ್ದು ಒಳ್ಳೆಯದೇ. ನಿದ್ದೆ ಬಂತು ಎಂದಿದ್ದರೆ ನನಗೆ ಉತ್ತರ ತೋಚುತ್ತಿರಲಿಲ್ಲ. ಚಿತ್ರದ ಮುಖಗಳಲ್ಲಿ ಜೀವವಿಲ್ಲ, ಚಲನೆ ಮರಗಟ್ಟಿದೆ ಎನ್ನುವುದು ನಿಮ್ಮ ಮೊದಲ ದೂರು. ಜೆಕೊಸ್ಲೊವಾಕಿಯದ ಮೇಲೆ ನಡೆದ ಸೋವಿಯತ್ ಆಕ್ರಮಣದ ಬಗೆಗಿನ ಅನ್ಯೋಕ್ತಿ ಎಂದು ನಾವು ಬರೆದದ್ದಕ್ಕೆ ಚಿತ್ರದಲ್ಲಿ ಆಧಾರವೇ ಸಿಗಲಿಲ್ಲ ಎನ್ನುವುದು ಎರಡನೆಯದು. ಮನುಷ್ಯರನ್ನು ‘ಓಮ್’ ಎಂದು ಕರೆದದ್ದು ಯಾರ ಮೇಲಿನ ಕುಚೋದ್ಯ ಎಂದೂ ಕೇಳಿದ್ದೀರಿ.

ಕೊನೆಯದು ಸುಲಭ. ಫ್ರೆಂಚಿನಲ್ಲಿ ಮನುಷ್ಯ ಎನ್ನುವ ಪದದ ಉಚ್ಚಾರವೇ ‘ಓಮ್’. ಕಾಗುಣಿತ ಬದಲಿಸಿ ಅದನ್ನೇ ಒಂದು ಕ್ಷುದ್ರ ಪ್ರಾಣಿಯ ಹೆಸರಾಗಿಸಿದ್ದಾರೆ, ಅಷ್ಟೇ. ಚಿತ್ರದ ದೈತ್ಯರು ಹೊತ್ತು ಗೊತ್ತಿಲ್ಲದೆ ಧ್ಯಾನಕ್ಕೆ ಕೂರುವುದರಿಂದ ಮೊದಲ ಸಲ ನೋಡಿದಾಗ ನನ್ನ ಕಿವಿಗೂ ಬೇರೇನೋ ಕೇಳಿಸಿತ್ತು.

ಎರಡನೆಯ ದೂರಿನಲ್ಲಿ ತಪ್ಪು ನಮ್ಮದು. ಚಿತ್ರದ ಮೂಲ ಸ್ತೆಫಾನ್ ವುಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ದಂತವೈದ್ಯರೊಬ್ಬರ ಕಾದಂಬರಿ. ಅದು ಅಚ್ಚಾದದ್ದು 1957ರಲ್ಲಿ. ಸೋವಿಯತ್ ಟ್ಯಾಂಕುಗಳು ಜೆಕೊಸ್ಲೊವಾಕಿಯದ ರಾಜಧಾನಿ ಪ್ರಾಗ್ ನಗರಕ್ಕೆ ನುಗ್ಗಿದ್ದು 1968ರ ಆಗಸ್ಟ್‌ನಲ್ಲಿ. ಹನ್ನೊಂದು ವರ್ಷ ಮೊದಲೇ ಬರೆದ ಕಥೆಯನ್ನು ಆ ಘಟನೆಯ ರೂಪಕ ಎನ್ನಲು ಬರುವುದಿಲ್ಲ. ಆದರೆ ಈ ಚಿತ್ರ ತಯಾರಾದದ್ದು ಪ್ರಾಗ್‌ನ ಯಿರ್ಜಿ ತರ್ನ್ಕಾ ಸ್ಟುಡಿಯೊದಲ್ಲಿ, ಫ್ರಾನ್ಸ್ ಮತ್ತು ಜೆಕೊಸ್ಲೊವಾಕಿಯದ ಜಂಟಿ ನಿರ್ಮಾಣವಾಗಿ. 1973ರ ಕಾನ್ ಚಲನಚಿತ್ರೋತ್ಸವದಲ್ಲಿ ಅದಕ್ಕೆ ವಿಶೇಷ ಬಹುಮಾನ ಬಂದಾಗ ಟ್ಯಾಂಕುಗಳ ನೆನಪು ಇನ್ನೂ ಹಸಿಯಾಗಿತ್ತು. ನೋಡಿದವರು ಹಾಗೆ ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಓದೂ ಸಾಧ್ಯ. ಪಾತ್ರಗಳನ್ನೂ ಆ ಲೋಕವನ್ನೂ ಚಿತ್ರಿಸಿದ ರೋಲಾಂ ತೊಪೋರ್ ಪೋಲಿಷ್ ಯಹೂದಿ ದಂಪತಿಗಳಿಗೆ ಪ್ಯಾರಿಸಿನಲ್ಲಿ ಹುಟ್ಟಿದ ಮಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ ಅಡಗಿ ಬದುಕಿದ ಬಾಲಕ. ಉದ್ಯಾನದಲ್ಲಿ ಓಮ್‌ಗಳ ಮೇಲೆ ವಿಷಾನಿಲ ಬಿಡುವ ದೃಶ್ಯವನ್ನು ಇದು ತಿಳಿದ ಮೇಲೆ ನೋಡುವುದು ಕಷ್ಟ. ಹಾಗೆಂದು ಚಿತ್ರಕ್ಕೆ ಅದೊಂದೇ ಅರ್ಥ ಎಂದು ಮೊಳೆ ಹೊಡೆದರೆ, ನಾವು ಕಳೆದ ಸಲ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ದೂರುಗಳಲ್ಲ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ ಒಂದು ಸಾಲು. ಜೊತೆಗೆ ಕೂತು ನೋಡುತ್ತಿದ್ದ ನಿಮ್ಮ ಮಗಳು ಮೊದಲ ದೃಶ್ಯ ಮುಗಿದೊಡನೆ “ಆ ಮಕ್ಕಳಿಗೆ ಯಾರೂ ಏಕೆ ಬೈಯಲಿಲ್ಲ?” ಎಂದು ಕೇಳಿದಳಂತೆ.

ಚಿತ್ರ ನೋಡದ ಓದುಗರಿಗಾಗಿ ಆ ದೃಶ್ಯ ಹೇಳುತ್ತೇನೆ. ಕೂಸನ್ನು ಎದೆಗವಚಿಕೊಂಡು ಒಬ್ಬಳು ಓಡುತ್ತಿದ್ದಾಳೆ. ಎಲ್ಲಿಂದಲೋ ಒಂದು ನೀಲಿ ಕೈ ಬಂದು ದಾರಿಗೆ ಅಡ್ಡವಾಗುತ್ತದೆ, ಬೆರಳಿನಿಂದ ಚಿಮ್ಮಿ ಬೀಳಿಸುತ್ತದೆ, ಎದ್ದವಳನ್ನು ಮತ್ತೆ ಬೀಳಿಸುತ್ತದೆ, ಕೊನೆಗೆ ಎತ್ತರಕ್ಕೆ ಎತ್ತಿ ಕೈಬಿಡುತ್ತದೆ. ಅವಳು ಸಾಯುತ್ತಾಳೆ. ಆಗ ಗೊತ್ತಾಗುತ್ತದೆ, ಅದು ದ್ರಾಗ್ ಎಂಬ ದೈತ್ಯ ಕುಲದ ಮಕ್ಕಳ ಆಟ. ಇರುವೆಯ ಸಾಲಿಗೆ ಕಡ್ಡಿ ಅಡ್ಡ ಹಿಡಿದ ಮಗುವಿಗೆ ಯಾರು ಬೈಯುತ್ತಾರೆ?

ಅನಾಥ ಕೂಸನ್ನು ತಿವಾ ಎಂಬ ದ್ರಾಗ್ ಹುಡುಗಿ ಮನೆಗೆ ಒಯ್ಯುತ್ತಾಳೆ. ತೆರ್ ಎಂದು ಹೆಸರಿಡುತ್ತಾಳೆ. ಫ್ರೆಂಚ್ ಕಿವಿಗೆ ಅದು ಭೂಮಿ. ಅವಳಿಗೆ ಅವನೆಂದರೆ ನಿಜವಾದ ಪ್ರೀತಿ. ಬಣ್ಣಬಣ್ಣದ ಬಟ್ಟೆ ತೊಡಿಸುತ್ತಾಳೆ; ದೂರ ಹೋದರೆ ಎಳೆದು ತರುವ ಪಟ್ಟಿಯೊಂದನ್ನು ಅವನ ಕೊರಳಿಗೆ ಹಾಕಿಸಿದವರೂ ಅವಳ ಮನೆಯವರೇ. ಈ ಚಿತ್ರದ ಸಾಮಾಜಿಕ ವಿಚಾರ ಎಂದು ಏನಾದರೂ ಇದ್ದರೆ ಅದು ಆ ಪಟ್ಟಿ ಮತ್ತು ಆ ಬಟ್ಟೆ ಒಂದೇ ಮನೆಯಿಂದ ಬರುವುದರಲ್ಲಿದೆ. ದ್ರಾಗ್‌ಗಳು ಕಲಾಪ್ರಿಯರು, ಧ್ಯಾನಿಗಳು, ಸಭೆಯಲ್ಲಿ ದನಿ ಏರಿಸದವರು. ಓಮ್‌ಗಳ ಸಂಖ್ಯೆ ಹೆಚ್ಚಾಗಿದೆ, ನಿರ್ಮೂಲನೆ ಮಾಡಬೇಕು ಎಂದು ತೀರ್ಮಾನಿಸುವಾಗಲೂ ಅವರ ದನಿಯಲ್ಲಿ ದ್ವೇಷವಿಲ್ಲ. ಗೆದ್ದಲಿಗೆ ಔಷಧಿ ಹೊಡೆಸುವ ಮಾತಿನಲ್ಲಿ ಎಷ್ಟು ದ್ವೇಷ ಇರುತ್ತದೋ ಅಷ್ಟೇ. ನೀವು ಖಳನಾಯಕನನ್ನು ಹುಡುಕಿದ್ದೀರಿ, ಸಿಗಲಿಲ್ಲ ಎಂದು ಬೇಸರಪಟ್ಟಿದ್ದೀರಿ.

ಬಿಡುಗಡೆ ಬರುವ ದಾರಿಯೂ ವಿಚಿತ್ರ. ದ್ರಾಗ್ ಮಕ್ಕಳು ಪಾಠ ಕಲಿಯುವುದು ತಲೆಗೆ ಕಟ್ಟಿಕೊಳ್ಳುವ ಒಂದು ಸಾಧನದಿಂದ. ಪಾಠದ ಹೊತ್ತಿನಲ್ಲಿ ತೆರ್ ಅವಳ ಅಂಗೈಯಲ್ಲೇ ಕೂತಿರುವುದರಿಂದ ಆ ವಿದ್ಯೆ ಅವನ ತಲೆಗೂ ಸೋರುತ್ತದೆ. ಯಾರೂ ಅವನಿಗೆ ಕಲಿಸಲಿಲ್ಲ, ಕಲಿಯಬಾರದು ಎಂದೂ ಅವರಿಗೆ ಹೊಳೆಯಲಿಲ್ಲ. ಅವನು ಆ ಸಾಧನವನ್ನೇ ಎಳೆದುಕೊಂಡು ಓಡಿಹೋಗಿ ಕಾಡು ಓಮ್‌ಗಳನ್ನು ಸೇರುತ್ತಾನೆ. ಕದ್ದ ಅಕ್ಷರದ ಈ ಕಥೆಗೆ ಪ್ರಾಗ್ ಬೇಕಿಲ್ಲ, ಪ್ಯಾರಿಸ್ಸೂ ಬೇಕಿಲ್ಲ.

ಈಗ ಮರಗಟ್ಟಿದ ಮುಖಗಳ ವಿಷಯ. ಇದು ಕಾಗದದಲ್ಲಿ ಕತ್ತರಿಸಿದ ಚಿತ್ರಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಸರಿಸುತ್ತಾ ಮಾಡುವ ಅನಿಮೇಷನ್. ತೊಪೋರ್ ಅವರ ಗೆರೆಯ ಮೇಲಿನ ಗೆರೆ, ಹಳೆಯ ಪುಸ್ತಕಗಳ ಕೆತ್ತನೆಚಿತ್ರಗಳಂಥ ನೆರಳು ಹಾಗೆಯೇ ಪರದೆಗೆ ಬರಬೇಕಾದರೆ ಈ ದಾರಿಯೇ ಸರಿ. ಚಲನೆ ನುಣುಪಾಗಬೇಕೆಂದರೆ ಗೆರೆ ಬಡವಾಗಬೇಕು. ನಿರ್ದೇಶಕ ರೆನೆ ಲಾಲೂ ಅನಿಮೇಷನ್‌ಗೆ ಬಂದದ್ದೂ ಲಾ ಬೋರ್ದ್ ಎಂಬ ಮನೋಚಿಕಿತ್ಸಾಲಯದಲ್ಲಿ ರೋಗಿಗಳ ಜೊತೆ ಕೆಲಸ ಮಾಡುತ್ತಾ. 1960ರ ಅವರ ಮೊದಲ ಕಿರುಚಿತ್ರ ಅಲ್ಲಿನ ರೋಗಿಗಳೊಂದಿಗೇ ಹುಟ್ಟಿದ್ದು. ಅದಲ್ಲದೆ, ಆ ತಾಯಿ ಸಾಯುವಾಗ ಮುಖಗಳು ಕಿವುಚಿ ಕಣ್ಣೀರು ಹರಿದಿದ್ದರೆ ನಾವು ಅತ್ತು ಹಗುರಾಗುತ್ತಿದ್ದೆವು. ಅಲುಗದ ಮುಖ ನಮಗೆ ಆ ಸೌಕರ್ಯ ಕೊಡುವುದಿಲ್ಲ.

ಒಪ್ಪಬೇಕಾದದ್ದನ್ನೂ ಒಪ್ಪುತ್ತೇನೆ. ಅಂತ್ಯ ಅವಸರದ್ದು. ಅಷ್ಟು ಹೊತ್ತು ಕಟ್ಟಿದ ಕೇಡು ಕೆಲವೇ ನಿಮಿಷಗಳಲ್ಲಿ ಸಂಧಾನವಾಗಿ ಬಗೆಹರಿಯುವುದು ನನಗೂ ನುಂಗಲಾಗದ ತುತ್ತು; 72 ನಿಮಿಷದ ಚಿತ್ರಕ್ಕೆ ಇನ್ನೊಂದು ಹತ್ತು ನಿಮಿಷ ಸಿಕ್ಕಿದ್ದರೆ ಚೆನ್ನಾಗಿತ್ತು. ಹೆಣ್ಣು ಓಮ್‌ಗಳಿಗೆ ಮೈ ಕೊಟ್ಟಷ್ಟು ಉದಾರವಾಗಿ ಮಾತು ಕೊಟ್ಟಿಲ್ಲ ಎಂಬ ನಿಮ್ಮ ಟಿಪ್ಪಣಿಯೂ ಸರಿ. ಆಲೆನ್ ಗೊರಾಗೆರ್ ಅವರ ಸಂಗೀತವನ್ನು “ಗದ್ದಲ” ಎಂದದ್ದನ್ನು ಮಾತ್ರ ಒಪ್ಪಲಾರೆ, ಆದರೆ ಕಿವಿಯ ಜಗಳ ಪತ್ರದಲ್ಲಿ ತೀರುವಂಥದ್ದಲ್ಲ.

ಇನ್ನೂ ತಾಳ್ಮೆ ಉಳಿದಿದ್ದರೆ ಲಾಲೂ ಮತ್ತು ತೊಪೋರ್ ಇಬ್ಬರೂ ಸೇರಿ 1965ರಲ್ಲಿ ಮಾಡಿದ, ಬಸವನಹುಳುಗಳ ಕುರಿತ ಕಿರುಚಿತ್ರವನ್ನು ಮಗಳಿಗೆ ತೋರಿಸಿ. ಹತ್ತು ನಿಮಿಷದ ಆಸುಪಾಸಿನದು. ಬೆಳೆ ಬಾರದ ರೈತನೊಬ್ಬ ಹೊಲದಲ್ಲಿ ನಿಂತು ಅಳುತ್ತಾನೆ, ಕಣ್ಣೀರು ಬಿದ್ದಲ್ಲೆಲ್ಲ ಸೊಪ್ಪು ಆಳೆತ್ತರ ಬೆಳೆಯುತ್ತದೆ, ಅದನ್ನು ತಿಂದ ಹುಳುಗಳು ಮನೆಗಿಂತ ದೊಡ್ಡದಾಗಿ ಊರಿನ ಮೇಲೆ ಹೊರಡುತ್ತವೆ. ಅವಳು ಏನು ಕೇಳಿದಳು ಎಂಬುದನ್ನು ಈ ಸಲ ಅಂಚಿನಲ್ಲಲ್ಲ, ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.

— ಸಂಪಾದಕ