ಗೇಮ್ ಸಪ್ಪೆಯೋ, ಮಿಷನ್ ಸಪ್ಪೆಯೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ದುಡ್ಡು ಕೊಟ್ಟಾಯಿತು, ಖುಷಿ ಬರಲಿಲ್ಲ, ತಪ್ಪು ಗೇಮ್‌ನದ್ದೋ, ಮಿಷನ್ (ಅಂದರೆ ಕಂಪ್ಯೂಟರ್) ನದ್ದೋ, ಇನ್ನೆಂತ ಮಾಡುವುದು? ಓದುಗರು ದೂರಿದ ಗೇಮ್‌ಗಳ ಮತ್ತು ಅಂಗಡಿಗಳ ಹೆಸರು ಬಿಟ್ಟಿದ್ದೇವೆ.

ಹೊಸ ಗೇಮ್ ಹಾಕಿದ್ದೇನೆ. ಎಫ್‌ಪಿಎಸ್ 60 ಅಂತಲೇ ತೋರಿಸುತ್ತದೆ, ಆದರೆ ಆಗಾಗ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಅಂತಾರೆ, ಗೆಳೆಯರು ಗೇಮೇ ದಂಡ ಅಂತಾರೆ. ಯಾರನ್ನು ನಂಬುವುದು?
– ಸುರತ್ಕಲ್‌ನ ಓದುಗರು

ಸದ್ಯಕ್ಕೆ ಇಬ್ಬರನ್ನೂ ಬೇಡ. ಎಫ್‌ಪಿಎಸ್ ಎಂಬುದು ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಮೂಡುತ್ತದೆ ಎನ್ನುವುದರ ಸರಾಸರಿ; ನಡುನಡುವೆ ಮುಗ್ಗರಿಸಿದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ನೋಡಬೇಕಾದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮ್‌ಗೆ ಹಿಡಿಯುವ ಸಮಯ. 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಅದನ್ನು ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ, ಅದರ ಜೊತೆ ಬರುವ ರಿವಾಟ್ಯೂನರ್ ಕೂಡ ಬೇಕು. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಪಟ್ಟಿಯಲ್ಲಿ ಫ್ರೇಮ್ ಟೈಮ್, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಉಷ್ಣತೆ, ಜಿಪಿಯು ಕ್ಲಾಕ್ (ಅದರ ವೇಗ), ಗ್ರಾಫಿಕ್ಸ್ ಮೆಮೊರಿ ಇವು ಪರದೆಯ ಮೇಲೆ ಬರುವಂತೆ ಮಾಡಿ. ಫ್ರೇಮ್ ಟೈಮ್ ಮಾತ್ರ ಅಂಕಿಯಾಗಿ ಬೇಡ, ಗೆರೆಯಾಗಿ ಬರಲಿ. ಆಮೇಲೆ ಅರ್ಧ ಗಂಟೆ ಆಡಿ.

ಗೆರೆ 17ರ ಸುತ್ತ ಮಟ್ಟಸವಾಗಿ ಓಡುತ್ತಾ, ಹೊಸ ಶತ್ರು ಬಂದಾಗ ಅಥವಾ ಮೊದಲ ಸಲ ಬಾಂಬ್ ಸಿಡಿದಾಗ 80, 100ಕ್ಕೆ ಜಿಗಿದು ಇಳಿಯುತ್ತದೆ ಅಂದುಕೊಳ್ಳಿ. ಹಳೆಯ ಸೇವ್ ಲೋಡ್ ಮಾಡಿ ಅದೇ ಜಾಗಕ್ಕೆ ಮತ್ತೆ ಹೋಗಿ. ಎರಡನೇ ಸಲ ಜಿಗಿತ ಇಲ್ಲವಾದರೆ ಅದು ಶೇಡರ್ ಕಂಪೈಲ್ ಆಗುವ ತಡೆ. ಬೆಳಕು, ಬೆಂಕಿ, ನೀರು ಹೇಗೆ ಕಾಣಬೇಕು ಎನ್ನುವ ಸಣ್ಣಸಣ್ಣ ಪ್ರೋಗ್ರಾಮುಗಳನ್ನು ನಿಮ್ಮ ಕಾರ್ಡಿನ ಭಾಷೆಗೆ ಮೊದಲೇ ಇಳಿಸಿಡದೆ, ಆಟದ ನಡುವೆ ಇಳಿಸಲು ಕೂತಿದೆ. ಇದು ಗೇಮ್ ಮಾಡಿದವರ ಸೋಮಾರಿತನ, ನಿಮ್ಮ ಕಾರ್ಡಿನದ್ದಲ್ಲ. ಮೆನುವಿನಲ್ಲಿ ಶೇಡರ್ ತಯಾರಿಯ ಪಟ್ಟಿ ಓಡುತ್ತಿದ್ದರೆ ಅದು 100 ಮುಟ್ಟುವವರೆಗೆ ಆಟಕ್ಕೆ ಇಳಿಯಬೇಡಿ. ಎನ್‌ವಿಡಿಯಾ ಕಾರ್ಡ್ ಆದರೆ ಕಂಟ್ರೋಲ್ ಪ್ಯಾನೆಲ್‌ನ 3ಡಿ ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಕ್ಯಾಶ್ (ಇಳಿಸಿಟ್ಟ ಶೇಡರ್‌ಗಳ ದಾಸ್ತಾನು) ಅಳತೆಯನ್ನು 10 ಜಿಬಿಗೆ ಏರಿಸಿ. ಡ್ರೈವರ್ ಅಪ್‌ಡೇಟ್ ಮಾಡಿದ ಮರುದಿನ ಇದೇ ರೋಗ ಮರುಕಳಿಸಿದರೆ ಹೆದರಬೇಡಿ, ಹಳೆಯ ಕ್ಯಾಶ್ ರದ್ದಾಗಿರುತ್ತದೆ.

ಹದಿನೈದಿಪ್ಪತ್ತು ನಿಮಿಷ ಬೆಣ್ಣೆಯ ಹಾಗೆ ಓಡಿ ಆಮೇಲೆ ಗೆರೆ ಮೇಲೇರಿ ಅಲ್ಲೇ ಉಳಿದರೆ, ಕ್ಲಾಕ್ ಬಿದ್ದಿದೆಯಾ ನೋಡಿ. ಲ್ಯಾಪ್‌ಟಾಪಿನಲ್ಲಿ ಜಿಪಿಯು 85 ಡಿಗ್ರಿ ದಾಟಿದ ಮೇಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು ಸಾಮಾನ್ಯ. ಏಪ್ರಿಲ್–ಮೇ ತಿಂಗಳ ನಮ್ಮ ಕರಾವಳಿ ಕೋಣೆಗಳಲ್ಲಿ ಫ್ಯಾನಿಗೆ ಸಿಗುವ ಗಾಳಿಯೇ 33 ಡಿಗ್ರಿಯದು. ಸಾಲದ್ದಕ್ಕೆ ಇಲ್ಲಿಯ ಒದ್ದೆ ಗಾಳಿಗೆ ಧೂಳು ಉದುರುವುದಿಲ್ಲ, ಬಿಸಿ ಹೊರಹಾಕುವ ಹೀಟ್‌ಸಿಂಕಿನ ಫಿನ್‌ಗಳ ನಡುವೆ ಕಂಬಳಿಯ ಹಾಗೆ ಮೆತ್ತಿಕೊಳ್ಳುತ್ತದೆ. ಊದಿದರೆ ಹೋಗದು, ಹಿಂಬದಿ ಮುಚ್ಚಳ ಬಿಚ್ಚಿ, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ರಷ್‌ನಿಂದ ಎಬ್ಬಿಸಿ ತೆಗೆಯಬೇಕು. ಇದು ಮಿಷನ್‌ನ ತಪ್ಪು, ಗೇಮ್‌ಗೆ ಬೈದು ಉಪಯೋಗವಿಲ್ಲ.

ಗೋಡೆ, ಬಟ್ಟೆ ಎಲ್ಲ ಮಣ್ಣಿನ ಮುದ್ದೆಯಂತೆ ಕಂಡು, ತಿರುಗಿದಾಗ ತಡವರಿಸಿದರೆ ಗ್ರಾಫಿಕ್ಸ್ ಮೆಮೊರಿ ತುಂಬಿದೆ. ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಿ, ಬೇರೆ ಏನನ್ನೂ ಮುಟ್ಟಬೇಡಿ. ದೂರ ಹೋದಷ್ಟೂ ತಡವರಿಕೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಅಂತಿದ್ದರೆ ಗೇಮ್ ಹಾರ್ಡ್ ಡಿಸ್ಕಿನಲ್ಲಿದೆ; ಅದಕ್ಕಿಂತ ವೇಗದ ಎಸ್‌ಎಸ್‌ಡಿಗೆ ಸಾಗಿಸಿ.

ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ ಗೆಳೆಯರು ಗೆದ್ದರು. ಅಂಥ ಪಿಸಿ ಆವೃತ್ತಿಗಳು ಬೇಕಾದಷ್ಟಿವೆ. 2015ರ ಜೂನ್‌ನಲ್ಲಿ ಬಂದ ‘ಬ್ಯಾಟ್‌ಮನ್: ಆರ್ಕಮ್ ನೈಟ್’ ಪಿಸಿಯಲ್ಲಿ 30 ಎಫ್‌ಪಿಎಸ್‌ಗೆ ಬೀಗ ಹಾಕಿಕೊಂಡೂ ಮುಗ್ಗರಿಸುತ್ತಿತ್ತು. ಕೆಲವೇ ದಿನಗಳಲ್ಲಿ ಮಾರಾಟ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ತಂದರು. 2023ರ ಮಾರ್ಚ್‌ನ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಯಲ್ಲಿ ಶೇಡರ್ ತಯಾರಿಗೇ ಕಾದು ಕೂರಿಸಿತು, 8 ಜಿಬಿ ಕಾರ್ಡಿನವರಿಗೆ ಮಸುಕು ಗೋಡೆ ತೋರಿಸಿತು. ಪ್ಯಾಚ್‌ಗಳ (ದುರಸ್ತಿ ಅಪ್‌ಡೇಟ್) ಮೇಲೆ ಪ್ಯಾಚ್ ಬಂದು ಸುಧಾರಿಸಿತು. ಗಮನಿಸಿ, ಎರಡೂ ಒಳಗಿನಿಂದ ಒಳ್ಳೆಯ ಗೇಮ್‌ಗಳೇ.

ಹಾಗಾದರೆ ಒಳಗಿನಿಂದಲೇ ಸಾಧಾರಣವಾದ ಗೇಮ್ ಅಂತ ಗುರುತಿಸುವುದು ಹೇಗೆ? ನೋಡಲಿಕ್ಕೆ ಎಲ್ಲವೂ ಚಂದವೇ ಇರುತ್ತವೆ.
– ಕಾರ್ಕಳದ ಓದುಗರು

ಕ್ರಿಯಾಪದ ಎಣಿಸಿ. ಟ್ಯುಟೋರಿಯಲ್ ಮುಗಿದಾಗ ನಿಮ್ಮ ಪಾತ್ರ ಏನೇನು ಮಾಡಬಲ್ಲದು? ಓಡು, ಹತ್ತು, ಹೊಡೆ, ಅಡಗು ಎಂದು ಒಂದು ಕಾಗದದಲ್ಲಿ ಬರೆದಿಡಿ. ಒಂದೂವರೆ ಗಂಟೆ ಆಡಿ ಮತ್ತೆ ನೋಡಿ. ಪಟ್ಟಿಗೆ ಹೊಸ ಪದ ಸೇರದೆ, ‘ಶೇಕಡಾ 5 ಹೆಚ್ಚು ಹಾನಿ’ ಎಂಬಂಥ ಅಂಕಿಗಳು ಮಾತ್ರ ಸೇರಿದ್ದರೆ ಮುಂದಿನ ಮೂವತ್ತು ಗಂಟೆಯೂ ಅದೇ. ಎರಡನೆಯದು, ಶತ್ರು ಬದಲಾದಾಗ ನಿಮ್ಮ ತಂತ್ರ ಬದಲಾಗಬೇಕಾಯಿತೇ? ಅಥವಾ ಅದೇ ಗುಂಡನ್ನು ಇನ್ನೂ ನಲವತ್ತು ಸಲ ಹೊಡೆದರೆ ಸಾಕಾಯಿತೇ? ಶತ್ರುವಿನ ಆಯಸ್ಸು ಉದ್ದ ಮಾಡಿ ಕಷ್ಟ ಅಂತ ಕರೆಯುವುದು ಸಾಧಾರಣ ಗೇಮ್‌ನ ಹಳೆಯ ಚಾಳಿ.

2024ರ ಫೆಬ್ರವರಿಯ ‘ಸ್ಕಲ್ ಆ್ಯಂಡ್ ಬೋನ್ಸ್’ ಹತ್ತಿರದಿಂದ ನೋಡಬೇಕಾದ ಮಾದರಿ. ಕಡಲ್ಗಳ್ಳರ ಗೇಮ್ ಅಂದ ಮೇಲೆ ಎದುರಾಳಿ ಹಡಗಿಗೆ ಹಾರಿ ಕತ್ತಿ ಬೀಸುವುದು ಬೇಡವೇ? ಇಲ್ಲಿ ಕೊಕ್ಕೆ ಎಸೆಯುವ ಗುಂಡಿ ಒತ್ತಿದರೆ ಒಂದು ಪುಟ್ಟ ದೃಶ್ಯ ಓಡುತ್ತದೆ, ಮಾಲು ಬರುತ್ತದೆ, ಮುಗಿಯಿತು. ಅದೇ ಕಂಪನಿ 2013ರ ‘ಅಸಾಸಿನ್ಸ್ ಕ್ರೀಡ್ 4’ರಲ್ಲಿ ಈ ಹಾರಾಟವನ್ನು ಆಟಗಾರನ ಕೈಗೇ ಕೊಟ್ಟಿತ್ತು. ಹತ್ತು ವರ್ಷದ ನಂತರದ ಗೇಮ್‌ನಲ್ಲಿ ಒಂದು ಕ್ರಿಯಾಪದ ಕಡಿಮೆ! ಕಂಪನಿಯ ಮುಖ್ಯಸ್ಥರು ಇದನ್ನು ‘ಕ್ವಾಡ್ರುಪಲ್ ಎ’ ಅಂದರು, ಭಾರೀ ಬಜೆಟ್‌ನ ‘ಟ್ರಿಪಲ್ ಎ’ ಗೇಮ್‌ಗಳಿಗಿಂತ ಒಂದು ‘ಎ’ ಮೇಲಿನ ದರ್ಜೆ ಅಂತ. ಇಂದಿಗೂ ಅದು ನಗೆಯ ಮಾತು.

‘ಸ್ಟಾರ್‌ಫೀಲ್ಡ್’ (2023) ಅಷ್ಟು ಕೆಟ್ಟದ್ದಲ್ಲ, ಅದರ ಸಮಸ್ಯೆ ಬೇರೆ. ಸಾವಿರಕ್ಕೂ ಹೆಚ್ಚು ಗ್ರಹ ಉಂಟು. ಆದರೆ ಒಂದು ಗ್ರಹದಲ್ಲಿ ಹೊಕ್ಕ ಪಾಳು ಪ್ರಯೋಗಾಲಯ ಇನ್ನೊಂದರಲ್ಲೂ ಸಿಗುತ್ತದೆ, ಅದೇ ಬಾಗಿಲು, ಅದೇ ಮೂಲೆಯಲ್ಲಿ ಪೆಟ್ಟಿಗೆ, ಅದೇ ಚೀಟಿ. ಯಕ್ಷಗಾನದಲ್ಲಿ ಒಂದೇ ಪ್ರಸಂಗವನ್ನು ನೂರು ಸಲ ನೋಡುತ್ತೇವೆ ನಿಜ, ಆದರೆ ಅರ್ಥ ಹೇಳುವವರು ಪ್ರತಿ ರಾತ್ರಿ ಬೇರೆ ಮಾತು ಕಟ್ಟುತ್ತಾರೆ. ಇಲ್ಲಿ ಕಿರೀಟ, ವೇಷ, ಚಂಡೆ ಎಲ್ಲ ಸೊಗಸು, ಮಾತು ಮಾತ್ರ ಮುದ್ರಿಸಿಟ್ಟದ್ದು.

ಹ್ವಾಯ್, ಜಗತ್ತಿನ ಅತಿ ಕೆಟ್ಟ ಗೇಮ್ ‘ಇ.ಟಿ.’ಯೇ ಅಲ್ದಾ?
– ಕುಂದಾಪುರದ ಓದುಗರು

ಅಲ್ಲ. ಹೆಸರು ಕೆಟ್ಟಿದ್ದು ಹೆಚ್ಚು. ಅದೇ ಹೆಸರಿನ ಸಿನಿಮಾದ ಈ ಗೇಮ್ 1982ರ ಕ್ರಿಸ್‌ಮಸ್ ಮಾರಾಟಕ್ಕೆ ಆಗಬೇಕೆಂದು ಅಟಾರಿ ಕಂಪನಿ ಹೋವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬ ಪ್ರೋಗ್ರಾಮರ್‌ಗೆ ಕೊಟ್ಟದ್ದು ಸುಮಾರು ಐದು ವಾರ. ಜನ ಬೈದದ್ದು ಹೊಂಡಕ್ಕೆ ಬೀಳುವುದಕ್ಕೆ. ಇದಕ್ಕೆ ಕಾರಣ ಸಣ್ಣದು: ನೆಲವನ್ನು ಮೇಲಿನಿಂದ ನೋಡುತ್ತೇವೆ, ಪಾತ್ರವನ್ನು ಪಕ್ಕದಿಂದ. ಕಾಲು ಗಟ್ಟಿ ನೆಲದ ಮೇಲಿದ್ದರೂ ತಲೆಯ ಒಂದು ಚುಕ್ಕಿ ಹೊಂಡದ ಅಂಚಿಗೆ ತಾಗಿದರೆ ಯಂತ್ರ ‘ಬಿದ್ದ’ ಅನ್ನುತ್ತಿತ್ತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು (ಗೇಮ್ ಇರುವ ಡಬ್ಬಿ) 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊದಲ್ಲಿ ಹೂತದ್ದು ನಿಜ, 2014ರಲ್ಲಿ ಅಗೆದು ತೆಗೆದರು. ಅಲ್ಲಿ ಸಿಕ್ಕಿದ್ದರಲ್ಲಿ ಬೇರೆ ಗೇಮ್‌ಗಳೂ ಇದ್ದವು.

ನಿಜವಾದ ಕೆಟ್ಟದ್ದು ಬೇಕಾದರೆ 2003ರ ‘ಬಿಗ್ ರಿಗ್ಸ್: ಓವರ್ ದಿ ರೋಡ್ ರೇಸಿಂಗ್’. ಲಾರಿ ರೇಸು; ಮೊದಲ ಆವೃತ್ತಿಯಲ್ಲಿ ಎದುರಾಳಿ ಲಾರಿ ಗೆರೆಯಿಂದ ಕದಲುವುದೇ ಇಲ್ಲ. ನಿಮ್ಮ ಲಾರಿ ಮನೆಯೊಳಗೆ ತೂರಿ ಆಚೆ ಬರುತ್ತದೆ. ರಿವರ್ಸ್ ಒತ್ತಿ ಹಿಡಿದರೆ ವೇಗಕ್ಕೆ ಮಿತಿಯಿಲ್ಲ, ಬಿಟ್ಟ ಕೂಡಲೇ ನಿಲ್ಲುತ್ತದೆ. ಗೆದ್ದರೆ ತಪ್ಪು ಇಂಗ್ಲಿಷಿನಲ್ಲಿ ‘ಯು ಆರ್ ವಿನ್ನರ್’. ಒಂದು ಸಂಜೆ ನಾಲ್ಕು ಜನ ಕೂತು ನಕ್ಕರೆ ಕೊಟ್ಟ ದುಡ್ಡು ವಸೂಲಿ. ಸಾಧಾರಣ ಗೇಮ್‌ನಲ್ಲಿ ಆ ಸುಖವೂ ಇಲ್ಲ.

ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 72 ಬಂದರೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಅಲ್ಲವೇ? ಆದರೂ ‘ಸಾಧಾರಣ’ ಅನ್ನುವುದೇಕೆ?
– ಮಣಿಪಾಲದ ಓದುಗರು

ಗೇಮ್ ವಿಮರ್ಶೆಯಲ್ಲಿ ಸೊನ್ನೆಯಿಂದ 50ರವರೆಗಿನ ಜಾಗ ಬಹುತೇಕ ಖಾಲಿ. ಮೆಟಾಕ್ರಿಟಿಕ್‌ನಲ್ಲಿ ಗೇಮ್‌ಗೆ ಹಸಿರು ಬಣ್ಣ ಸಿಗುವುದು 75ರಿಂದ ಮೇಲೆ, 72 ಹಳದಿ. ಅದಕ್ಕಿಂತ ಮುಖ್ಯ, ಯಾವ ಯಂತ್ರದ ಅಂಕ ಅದು? ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಬರುವ ಮೊದಲು ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಹೊಗಳಿಕೆ ಓದಿ ಪಿಎಸ್4ಗೆ (ಸೋನಿಯ ಪ್ಲೇಸ್ಟೇಷನ್ 4) ಕೊಂಡವರಿಗೆ ಸಿಕ್ಕಿದ್ದು ಕುಸಿದು ಬೀಳುವ ಗೇಮ್. ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆಯಿತು.

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ‘ಮಿಕ್ಸೆಡ್’ ಅಂದರೆ ನೂರರಲ್ಲಿ 40ರಿಂದ 69 ಜನ ಮೆಚ್ಚಿದ್ದಾರೆ ಅಂತ. ಒಟ್ಟು ಅಂಕವನ್ನೂ ಕಳೆದ 30 ದಿನದ ಅಂಕವನ್ನೂ ಹೋಲಿಸಿ. ಹಳೆಯದು ಕಡಿಮೆ, ಹೊಸದು ಹೆಚ್ಚು ಇದ್ದರೆ ರಿಪೇರಿ ನಡೆದಿದೆ. ಉಲ್ಟಾ ಆಗಿದ್ದರೆ ಯಾವುದೋ ಅಪ್‌ಡೇಟ್ ಕೆಡಿಸಿದೆ. ಆಮೇಲೆ ಫಿಲ್ಟರ್ ಹಾಕಿ, 20 ಗಂಟೆಗಿಂತ ಹೆಚ್ಚು ಆಡಿಯೂ ಬೇಡ ಅಂದವರನ್ನು ಮಾತ್ರ ಓದಿ. ಹತ್ತು ನಿಮಿಷಕ್ಕೆ ಬೈದವರದ್ದು ಹೆಚ್ಚಾಗಿ ಮಿಷನ್‌ನ ದೂರು, ಇವರದ್ದು ಗೇಮ್‌ನದ್ದು.

ಕೆಟ್ಟದಾಗಿ ಬಿಡುಗಡೆಯಾದ ಗೇಮ್‌ಗೆ ಕಾಯಬಹುದೇ? ಎಷ್ಟು ದಿನ?
– ಕಾಪುವಿನ ಓದುಗರು

ಕುಸಿಯುವುದು, ಮುಗ್ಗರಿಸುವುದು, ಧ್ವನಿ ಮಾಯವಾಗುವುದು ಪ್ಯಾಚ್‌ಗೆ ಸಿಗುತ್ತವೆ. ಬೇಸರ ಪ್ಯಾಚ್‌ಗೆ ಸಿಗುವುದು ಅಪರೂಪ. ಸೈಬರ್‌ಪಂಕ್‌ನಲ್ಲಿ ಕಥೆ, ಊರು, ಪಾತ್ರ ಮೊದಲ ದಿನವೇ ಗಟ್ಟಿಯಿದ್ದವು, ಕೆಟ್ಟಿದ್ದು ತಳದ ಕೆಲಸ. ಆದರೂ 2.0 ಅಪ್‌ಡೇಟ್ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಅಂದರೆ ಎರಡೂ ಮುಕ್ಕಾಲು ವರ್ಷ. ‘ನೋ ಮ್ಯಾನ್ಸ್ ಸ್ಕೈ’ (2016) ಮಾತ್ರ ನಮ್ಮ ಸೂತ್ರಕ್ಕೆ ಸಿಗದ್ದು: ಖಾಲಿಯಾಗಿ ಹುಟ್ಟಿ, 2018ರಲ್ಲಿ ಸರಿಯಾದ ಮಲ್ಟಿಪ್ಲೇಯರ್ ಪಡೆದು, ಪುಕ್ಕಟೆ ಅಪ್‌ಡೇಟ್‌ಗಳಲ್ಲೇ ತುಂಬಿಕೊಂಡಿತು. ಆ ಒಂದು ಹೆಸರು ಹೇಳಿಕೊಂಡು ಎಷ್ಟು ಕಂಪನಿಗಳು ಅರೆಬೆಂದ ಗೇಮ್ ಬಡಿಸಿದವೋ.

ಆನ್‌ಲೈನ್ ಇಲ್ಲದೆ ತೆರೆಯದ ಗೇಮ್ ಆದರೆ ಕಾಯಲೇಬೇಡಿ. ‘ಆ್ಯಂಥಮ್’ 2019ರಲ್ಲಿ ಬಂತು, ಮರುನಿರ್ಮಾಣದ ಯೋಜನೆ 2021ರಲ್ಲಿ ರದ್ದಾಯಿತು, 2026ರ ಜನವರಿ 12ಕ್ಕೆ ಸರ್ವರ್‌ಗೂ ಬಾಗಿಲು. ‘ಕಾನ್‌ಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅಷ್ಟಮಿಗೆ ಕಟ್ಟಿದ ಮೊಸರುಕುಡಿಕೆಯ ಕಂಬ ತೆಗೆಯುವುದೂ ಕೆಲವೊಮ್ಮೆ ಅದಕ್ಕಿಂತ ತಡ. ಕೊಂಡವರಿಗೆ ಹಣ ಮರಳಿಸಿದರು ಎಂಬುದು ಸಮಾಧಾನ. ‘ರೆಡ್‌ಫಾಲ್’ ತಂಡ ಮಾತ್ರ ಮರ್ಯಾದೆ ಉಳಿಸಿಕೊಂಡಿತು: 2024ರ ಮೇಯಲ್ಲಿ ಸ್ಟುಡಿಯೊ ಮುಚ್ಚುವಾಗ ಕೊನೆಯ ಅಪ್‌ಡೇಟ್‌ನಲ್ಲಿ ಆಫ್‌ಲೈನ್ ಆಡುವ ದಾರಿ ಕೊಟ್ಟು ಹೋಯಿತು.

ಸ್ಟೀಮ್‌ನಲ್ಲಿ ಹಣ ವಾಪಸ್ ಪಡೆಯುವುದು ಹೇಗೆ?
– ಬಂಟ್ವಾಳದ ಓದುಗರು

ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ. ಸ್ಟೀಮ್ ಸಪೋರ್ಟ್‌ಗೆ ಹೋಗಿ ‘ಪರ್ಚೇಸಸ್’, ಗೇಮ್‌ನ ಹೆಸರು, ‘ರಿಫಂಡ್’ ಆರಿಸಿ. ಕಾರಣ ಒಂದು ಸಾಲು ಬರೆದರೂ ಸಾಕು. ಸಿಕ್ಕಿಹಾಕಿಕೊಳ್ಳುವುದು ಗಡಿಯಾರದಲ್ಲಿ: ಗೇಮ್ ತೆರೆದಿಟ್ಟ ಸಮಯವೆಲ್ಲ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ ಶೇಡರ್ ತಯಾರಿ, ಮೆನು ಬಿಟ್ಟು ಊಟಕ್ಕೆ ಎದ್ದದ್ದು, ಹೆಚ್ಚು ಹಣ ಕೊಟ್ಟು ಬಿಡುಗಡೆಗೆ ಮುಂಚೆ ಆಡಿದ್ದು, ಎಲ್ಲವೂ. ಶೇಡರ್ ಮುಗಿದ ಕೂಡಲೇ ಹತ್ತು ನಿಮಿಷ ಆಡಿ, ಮುಗ್ಗರಿಸಿದರೆ ಅಲ್ಲೇ ಮುಚ್ಚಿ, ತೀರ್ಮಾನಿಸಿ. ಹೊರಗಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ಕೀ (ಗೇಮ್ ತೆರೆಯುವ ಕೋಡ್) ಆದರೆ ಸ್ಟೀಮ್ ಹಣ ಕೊಡುವುದಿಲ್ಲ. ಪ್ಲೇಸ್ಟೇಷನ್‌ನಲ್ಲಿಯೂ 14 ದಿನವೇ, ಆದರೆ ಡೌನ್‌ಲೋಡ್ ಶುರು ಮಾಡಿದರೆ, ಗೇಮ್ ದೋಷಪೂರಿತ ಎಂದು ತೋರಿಸದ ಹೊರತು, ಹಕ್ಕು ಹೋಯಿತು. ಆಟೊ ಡೌನ್‌ಲೋಡ್ ಮೊದಲೇ ಆಫ್ ಮಾಡಿಡಿ.

ನಮ್ಮ ದೇಶದ ಗೇಮ್‌ಗಳನ್ನು ಬೈಯಬಾರದು ಅಂತಾರೆ. ಹೌದೇ?
– ಮೂಡಬಿದಿರೆಯ ಓದುಗರು

ಬೈಯಬಹುದು, ಅಳತೆ ಸರಿ ಇರಲಿ. 2021ರ ಜನವರಿ 26ಕ್ಕೆ ಬಂದ ‘ಫೌಜಿ’ಯನ್ನು ಜನ ಪಬ್‌ಜಿಯ ಬದಲಿಗೆ ಅಂದುಕೊಂಡರು. ಸಿಕ್ಕಿದ್ದು ಒಬ್ಬರೇ ಆಡುವ, ಒಂದೇ ಬಗೆಯ ಕೈ ಕೈ ಹೊಡೆದಾಟ. ಪುಣೆಯ ತಂಡದ ‘ರಾಜಿ: ಆ್ಯನ್ ಏನ್ಷಿಯೆಂಟ್ ಎಪಿಕ್’ (2020) ಬೇರೆ ಮಾತು: ಹೊಡೆದಾಟ ತೆಳು, ಮುಕ್ತಾಯ ಗಕ್ಕನೆ, ಆದರೆ ಅದರ ಕೋಟೆ, ಮಂಟಪಗಳನ್ನು ಬೇರೆ ಯಾವ ಗೇಮ್‌ನಲ್ಲೂ ಕಾಣಲಿಕ್ಕಿಲ್ಲ. ಎರಡಕ್ಕೂ ಒಂದೇ ಬೈಗುಳ ಸಲ್ಲದು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಸೇವ್ ಫೈಲೇ ಹಾಳಾಯಿತು. ಯುಪಿಎಸ್ ಇದ್ದೂ! ಇದು ಗೇಮ್‌ನ ತಪ್ಪಲ್ಲವೇ?
– ಬ್ರಹ್ಮಾವರದ ಓದುಗರು

ಅರ್ಧ. ಒಳ್ಳೆಯ ಗೇಮ್ ಹೊಸ ಸೇವ್ ಪೂರ್ತಿ ಬರೆದ ಮೇಲೆಯೇ ಹಳೆಯದನ್ನು ಅಳಿಸುತ್ತದೆ. ನಿಮ್ಮದು ಹಳೆಯದರ ಮೇಲೆಯೇ ಬರೆಯುತ್ತಿತ್ತು ಅಂತ ಕಾಣುತ್ತದೆ. ಉಳಿದರ್ಧ ಯುಪಿಎಸ್‌ನದ್ದು. 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಆಟದ ನಡುವೆ ನಿಮ್ಮ ಪಿಸಿ, ಮಾನಿಟರ್ ಸೇರಿ 400 ಎಳೆಯುತ್ತಿದ್ದರೆ ಕರೆಂಟ್ ಹೋದ ಕ್ಷಣವೇ ಅದೂ ಟ್ರಿಪ್. 1100 ವಿಎ ತನ್ನಿ, ಸ್ಪೀಕರ್, ಪ್ರಿಂಟರ್ ಅದಕ್ಕೆ ಸಿಕ್ಕಿಸಬೇಡಿ. ಕ್ಲೌಡ್ ಸೇವ್ (ಇಂಟರ್ನೆಟ್‌ನಲ್ಲಿ ಉಳಿಯುವ ಸೇವ್ ಪ್ರತಿ) ಆನ್ ಇದ್ದರೆ ಗೇಮ್ ತೆರೆಯುವಾಗ ಎರಡರಲ್ಲಿ ಯಾವುದು ಅಂತ ಕೇಳುತ್ತದೆ; ಅಲ್ಲಿ ಹೊಸ ತಾರೀಕಿನದ್ದಲ್ಲ, ಕರೆಂಟ್ ಹೋಗುವ ಮೊದಲಿನದ್ದನ್ನು ಒತ್ತಿ.