ಸಿ ಲೈಬ್ರರಿಗೆ ಕೊಟ್ಟ ಪೈಥಾನ್ ಕಾಲ್‌ಬ್ಯಾಕ್ ಸ್ವಲ್ಪ ಹೊತ್ತಾದ ಮೇಲೆ ಕ್ರ್ಯಾಶ್ ಆಗುವುದೇಕೆ?

ಸಿಟೈಪ್ಸ್ (ಪೈಥಾನ್‌ನಿಂದ ಸಿ ಕೋಡ್ ಕರೆಯುವ ಮಾಡ್ಯೂಲ್) ಬಳಸಿ ಕಾಲ್‌ಬ್ಯಾಕ್, ಅಂದ್ರೆ ಸಿ ಲೈಬ್ರರಿ ಆಮೇಲೆ ಕರೆಯಬೇಕಾದ ಪೈಥಾನ್ ಫಂಕ್ಷನ್, ರಿಜಿಸ್ಟರ್ ಮಾಡಿದ್ದೀರಿ. ಅದನ್ನು ರಿಜಿಸ್ಟರ್ ಮಾಡುವ ನಿಮ್ಮ 'ಸ್ಟಾರ್ಟ್' ಫಂಕ್ಷನ್ ಮುಗಿಯುವವರೆಗೆ ಎಲ್ಲ ಸರಿ, ಆಮೇಲೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಆಗುವ ಕ್ರ್ಯಾಶ್), ಅಲ್ವಾ? ತಪ್ಪು ಸಿ ಕಡೆ ಇಲ್ಲ. ನಾನೂ ಹೀಗೆಯೇ ಎರಡು ದಿನ ಸಿ ಕೋಡ್ ಜಾಲಾಡಿದ್ದೆ.

ಪೈಥಾನ್ ಫಂಕ್ಷನನ್ನು ಸಿ ಕರೆಯುವಂತೆ ಮಾಡುವ ಸಿಫಂಕ್‌ಟೈಪ್‌ನಿಂದ ಮಾಡಿದ ಆಬ್ಜೆಕ್ಟನ್ನು ನೀವು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ. ಸಿ ಕೈಗೆ ಹೋಗಿದ್ದು ಬರೀ ಒಂದು ವಿಳಾಸ. ಸಿ ಅದನ್ನು ನೆನಪಿಟ್ಟುಕೊಂಡಿದೆ ಅನ್ನೋದು ಪೈಥಾನ್‌ಗೆ ಗೊತ್ತೇ ಇಲ್ಲ. ಫಂಕ್ಷನ್ ಮುಗಿದಾಗ ರೆಫರೆನ್ಸ್ ಎಣಿಕೆ (ಆ ಆಬ್ಜೆಕ್ಟನ್ನು ಪೈಥಾನ್‌ನಲ್ಲಿ ಎಷ್ಟು ಕಡೆ ಹಿಡಿದಿಟ್ಟಿದ್ದಾರೆ ಅನ್ನೋ ಲೆಕ್ಕ) 0 ಆಗುತ್ತೆ, ಆಬ್ಜೆಕ್ಟ್ ಹೋಗುತ್ತೆ. ಸಿ ಮಾತ್ರ ಹಳೇ ವಿಳಾಸಕ್ಕೇ ಕರೆ ಮಾಡುತ್ತಿರುತ್ತೆ. ಸಿಯ ವಿಂಗಡಿಸುವ ಫಂಕ್ಷನ್ ಕ್ಯೂಸಾರ್ಟ್ ಜೊತೆ ಈ ತೊಂದರೆ ಬರಲ್ಲ, ಯಾಕಂದ್ರೆ ಅದು ವಾಪಸ್ ಬರುವ ಮೊದಲೇ ಕಾಲ್‌ಬ್ಯಾಕ್ ಕೆಲಸ ಮುಗಿದಿರುತ್ತೆ.

ಪರಿಹಾರ ಒಂದೇ ಸಾಲು: ಆ ಆಬ್ಜೆಕ್ಟನ್ನು 'ಸೆಲ್ಫ್' ಮೇಲೆ, ಅಂದ್ರೆ ನಿಮ್ಮ ಕ್ಲಾಸಿನ ಆಬ್ಜೆಕ್ಟಿನಲ್ಲೇ, ಇಟ್ಟುಕೊಳ್ಳಿ. ಬಿಡುವಾಗ ಮೊದಲು ಅನ್‌ರಿಜಿಸ್ಟರ್ ಮಾಡಿ, ಆಮೇಲಷ್ಟೇ ಅದನ್ನು ನನ್ (None, ಪೈಥಾನ್‌ನ 'ಏನೂ ಇಲ್ಲ' ಎಂಬ ಮೌಲ್ಯ) ಮಾಡಿ. ಈ ಕ್ರಮ ತಿರುಗಿಸಿದರೆ ಮತ್ತೆ ಅದೇ ಕ್ರ್ಯಾಶ್.

ಕಾಲ್‌ಬ್ಯಾಕ್‌ಗೆ ವಾಪಸ್ ಸಿಗಲಿ ಅಂತ ಯೂಸರ್ ಡೇಟಾ ಹೆಸರಲ್ಲಿ ವಾಯ್ಡ್ ಪಾಯಿಂಟರ್ (ಯಾವ ಟೈಪೂ ಹೇಳದ ವಿಳಾಸ) ಕಳಿಸುವ ಜಾಗದಲ್ಲಿ ಪೈಥಾನ್ ಆಬ್ಜೆಕ್ಟಿನ ವಿಳಾಸ ದಯವಿಟ್ಟು ಕಳಿಸಬೇಡಿ. ನಾನು ಒಂದು ಡಿಕ್ಷನರಿ ಇಟ್ಟು, ಪ್ರತಿ ಆಬ್ಜೆಕ್ಟಿಗೂ ಒಂದು ನಂಬರ್ ಕೊಟ್ಟು, ಆ ನಂಬರನ್ನೇ ಕಳಿಸುತ್ತೇನೆ. ಕಾಲ್‌ಬ್ಯಾಕ್ ಬಂದಾಗ ಡಿಕ್ಷನರಿಯಲ್ಲಿ ಹುಡುಕಿದರಾಯ್ತು. ಆಬ್ಜೆಕ್ಟ್ ಪೂರ್ತಿ ಪೈಥಾನ್ ಕಡೆಯೇ ಉಳಿಯುತ್ತೆ. ತೆಗೆದುಹಾಕಿದ ಮೇಲೆ ತಡವಾಗಿ ಕರೆ ಬಂದರೂ ನಂಬರ್ ಸಿಗಲ್ಲ, ಅಷ್ಟೇ. ನಂಬರ್ 1ರಿಂದ ಶುರು ಮಾಡಿ. ಸಿ_ವಾಯ್ಡ್_ಪಿ (ಸಿಟೈಪ್ಸ್‌ನಲ್ಲಿ ವಾಯ್ಡ್ ಪಾಯಿಂಟರಿನ ಹೆಸರು) ಆಗಿ 0 ಕಳಿಸಿದರೆ ಕಾಲ್‌ಬ್ಯಾಕ್‌ನಲ್ಲಿ ನನ್ ಆಗಿ ಬರುತ್ತೆ. ನನಗೆ ಇದು ಹೊಳೆಯೋಕೆ ಒಂದು ಸಂಜೆ ಹಿಡಿಯಿತು.

ಕಾಲ್‌ಬ್ಯಾಕ್ ಒಳಗೆ ಎಕ್ಸೆಪ್ಷನ್ ಬಂದರೆ ಅದು ಸಿ ದಾಟಿ ನಿಮ್ಮ ಹತ್ತಿರ ಬರಲ್ಲ. ಎರರ್ ಔಟ್‌ಪುಟ್‌ನಲ್ಲಿ ಪ್ರಿಂಟ್ ಆಗಿ ಅಲ್ಲಿಗೇ ಮುಗಿಯುತ್ತೆ. ಹಾಗಾಗಿ ಒಳಗೇ ಹಿಡಿದು, ಎತ್ತಿಟ್ಟುಕೊಂಡು, ಹೊರಗೆ ಬಂದ ಮೇಲೆ ನೋಡಿ.

ಲೈಬ್ರರಿಯ ಒಂದು ಫಂಕ್ಷನ್ ತಾನೇ ಮೆಮೊರಿ ಅಲೋಕೇಟ್ ಮಾಡಿದ ಸ್ಟ್ರಿಂಗ್ ವಾಪಸ್ ಕೊಡುತ್ತೆ ಅಂತಲೂ ಪ್ರಶ್ನೆಯಲ್ಲಿ ಹೇಳಿದ್ದೀರಿ. ಅದರ ರಿಟರ್ನ್ ಟೈಪ್ ಸಿ_ಚಾರ್_ಪಿ (ಸಿಟೈಪ್ಸ್‌ನ ಸ್ಟ್ರಿಂಗ್ ಪಾಯಿಂಟರ್) ಅಂತ ಬರೆದರೆ ಬೈಟ್ಸ್ ಕಾಪಿ ಸಿಗುತ್ತೆ, ವಿಳಾಸ ಕಳೆದುಹೋಗುತ್ತೆ, ಮೆಮೊರಿ ಸೋರುತ್ತೆ. ಸಿ_ವಾಯ್ಡ್_ಪಿ ಅಂತ ಬರೆದು, ಕಾಪಿ ಮಾಡಿಕೊಂಡು, ಆ ಲೈಬ್ರರಿಯದೇ ಫ್ರೀ ಫಂಕ್ಷನ್ ಕರೆಯಿರಿ.

ಇಷ್ಟಾದರೂ ಕ್ರ್ಯಾಶ್ ನಿಲ್ಲದಿದ್ದರೆ ಪೈಥಾನ್ 3.3ರಿಂದ ಜೊತೆಗೇ ಬರುವ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಆನ್ ಮಾಡಿ. ಬಿದ್ದ ಹೊತ್ತಿಗೆ ಪೈಥಾನ್ ಯಾವ ಸಾಲಿನಲ್ಲಿತ್ತು ಅಂತ ತೋರಿಸುತ್ತೆ. ಆ ಔಟ್‌ಪುಟ್ ಇಲ್ಲಿ ಹಾಕಿ, ನೋಡ್ತೀನಿ.